ಜೇವರ್ಗಿ ಹೊಲಕ್ಕೆ ಇಳಿದ ಪೆಟ್ಟಿಗೆ

ಆಕಾಶಕ್ಕೆ ಹೋಗುವ ಯಂತ್ರಗಳಿಗೆ ವಿದ್ಯುತ್ತು ಹೊಂದಿಸಿಕೊಡುವುದು ನನ್ನ ಜೀವಮಾನದ ಕೆಲಸವಾಗಿತ್ತು. ಈಗ ಅದೇ ಕೆಲಸಕ್ಕೆ ಸೇರುವ ಮಕ್ಕಳು ಆಗಾಗ ಮನೆಗೆ ಬರುತ್ತಾರೆ. ಉಪಗ್ರಹದ ಬ್ಯಾಟರಿ ಹೇಗಿರುತ್ತದೆ, ರಾಕೆಟ್ಟಿನೊಳಗೆ ತಂತಿ ಹೇಗೆ ಎಳೆಯುತ್ತಾರೆ ಎಂದು ಕೇಳುತ್ತಾರೆ. ಅದನ್ನೆಲ್ಲ ಪುಸ್ತಕಗಳು ನನಗಿಂತ ಚೆನ್ನಾಗಿ ಹೇಳುತ್ತವೆ. ನಾನು ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬುದು ನನ್ನ ಹೆಂಡತಿಗೂ ನೆನಪಿಲ್ಲ. ನನಗೆ ಇವತ್ತಿಗೂ ಮೈ ಜುಮ್ಮೆನ್ನುವಂತೆ ನೆನಪಿರುವುದು ಮೊದಲ ವರ್ಷ. ಆಗ ರಾಕೆಟ್ ಇರಲಿಲ್ಲ. ರಬ್ಬರಿನ ಬಲೂನಿತ್ತು, ಬಿದಿರಿನ ಪೆಟ್ಟಿಗೆಯಿತ್ತು, ಮತ್ತು ಮುನೀರ್ ಸಾಹೇಬರಿದ್ದರು.

ನಾನು ಆಳಂದದವನು. ಹೈದರಾಬಾದಿನಲ್ಲಿ ವಿದ್ಯುತ್ ಶಾಸ್ತ್ರ ಓದಿದೆ, ಅದೂ ಉರ್ದುವಿನಲ್ಲಿ. ವಿದ್ಯುತ್ತಿಗೆ ನಾವು 'ಬರ್ಕ್' ಅನ್ನುತ್ತಿದ್ದೆವು. ಆಕಾಶದ ಮಿಂಚಿಗೂ ಅದೇ ಮಾತು. ನಲವತ್ತೇಳರ ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರ್ ಮುನೀರ್ ಎಂಬ ವಿಜ್ಞಾನಿಯೊಬ್ಬರು ಸಹಾಯಕ ಎಂಜಿನಿಯರ್ ಬೇಕೆಂದಾಗ ಹೋಗಿ ನಿಂತೆ. ಅವರು ಕಲಬುರ್ಗಿಯವರು. ನಡುವಯಸ್ಸು, ಎದೆಗಿಳಿಯುವ ಗಡ್ಡ, ಮಾತಿಗೊಮ್ಮೆ ನಗು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡು ತಂತಿ ಕೊಟ್ಟು ಬೆಸುಗೆ ಹಾಕೆಂದರು. ನಾನು ಆನೆ ಎಳೆದರೂ ಬಿಚ್ಚದಂತೆ ಹಾಕಿದೆ. ಅವರು ಅದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟರು.

"ಭಾಳ ಗಟ್ಟಿ ಅದ, ಶರಣಪ್ಪ. ಆದ್ರ ಇದು ಹಾರಬೇಕಲ್ಲೋ! ಇಂಥ ಬೆಸುಗಿ ನೂರು ಹಾಕಿದ್ರ ಬಲೂನಿಗೆ ನೀನೇ ಜೋತು ಬಿದ್ದಂಗ ಆಗ್ತದ."

ಮತ್ತೊಮ್ಮೆ ಹಾಕಿಸಿದರು. ಸಂಜೆಯವರೆಗೆ ಹಾಕಿಸಿದರು. ಕೊನೆಗೆ ಸಾಸಿವೆ ಕಾಳಿನಷ್ಟು ಸೀಸದಲ್ಲಿ ತಂತಿ ಹಿಡಿದು ನಿಂತಿತು. ಅವತ್ತಿನಿಂದ ನಾನು ಅವರ ಕೆಲಸಗಾರ.

ನಮ್ಮ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಸೂರ್ಯನಾಚೆ, ನಕ್ಷತ್ರಗಳಾಚೆ ಎಲ್ಲಿಂದಲೋ ಕಣ್ಣಿಗೆ ಕಾಣದ ಕಿರಣಗಳು ಹಗಲು ರಾತ್ರಿ ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಎತ್ತರಕ್ಕೆ ಹೋದಷ್ಟೂ ಅವು ಹೇಗೆ ಬದಲಾಗುತ್ತವೆಂದು ನೋಡಬೇಕಿತ್ತು. ಒಂದು ಹಿತ್ತಾಳೆ ಕೊಳವೆ, ಅದರ ನಟ್ಟನಡುವೆ ಕೂದಲೆಳೆಯ ತಂತಿ. ಕಿರಣವೊಂದು ಹಾಯ್ದರೆ ಒಳಗೆ ಸಣ್ಣ ಮಿಡಿತ. ಆ ಮಿಡಿತವನ್ನು ಪುಟ್ಟ ರೇಡಿಯೋ ಕೆಳಗೆ ಕಳಿಸುತ್ತದೆ, ನಾವು ಕಿವಿಗೆ ಫೋನು ಹಚ್ಚಿಕೊಂಡು 'ಟಿಕ್' ಎಂದು ಕೇಳುತ್ತೇವೆ. ಕೊಳವೆಗೆ ಸಾವಿರದಷ್ಟು ವೋಲ್ಟು ಬೇಕು, ಪೆಟ್ಟಿಗೆ ಮಾತ್ರ ಜೋಳದ ಬುಟ್ಟಿಗಿಂತ ಹಗುರ ಇರಬೇಕು. ಆ ಜಗಳ ಬಿಡಿಸುವುದೇ ನನ್ನ ದಿನನಿತ್ಯದ ಕೆಲಸ.

ಆಳಂದದಲ್ಲಿ, ಕೆಲಸ ನಿಂತುಹೋಗಿದ್ದ ಒಂದು ಹತ್ತಿ ಗೋದಾಮಿನಲ್ಲಿ ಕಾರ್ಯಾಗಾರ ಮಾಡಿಕೊಂಡೆವು. ಊರಿಗೆ ಕರೆಂಟು ಬಂದಿರಲಿಲ್ಲ. ಬೆಸುಗೆ ಕಡ್ಡಿಯನ್ನು ಇದ್ದಿಲ ಒಲೆಯಲ್ಲಿ ಕಾಯಿಸುತ್ತಿದ್ದೆ. ಬೆಳಿಗ್ಗೆ ಗೋದಾಮಿನ ಬಾಗಿಲು ತೆಗೆದರೆ ಮೊದಲು ಒಲೆ ಹೊತ್ತಿಸುವುದು, ಆಮೇಲೆ ಬ್ಯಾಟರಿ. ಹೆಬ್ಬೆರಳಿಗಿಂತ ಸಣ್ಣ ಸೆಲ್ಲುಗಳನ್ನು ನಾವೇ ಮಾಡಿ ಸಾಲಾಗಿ ಜೋಡಿಸುತ್ತಿದ್ದೆವು. ಮಧ್ಯಾಹ್ನ ಅವುಗಳನ್ನು ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಹೂತು ಚಳಿಗೆ ಸಾಯುತ್ತವೋ ಬದುಕುತ್ತವೋ ನೋಡುವುದು. ಮಂಜುಗಡ್ಡೆ ಕಲಬುರ್ಗಿಯಿಂದ ಕಟ್ಟಿಗೆ ಹೊಟ್ಟಿನಲ್ಲಿ ಸುತ್ತಿಕೊಂಡು ಬರುತ್ತಿತ್ತು. ಅರ್ಧ ಗಡ್ಡೆ ದಾರಿಯಲ್ಲೇ ನೀರು. ಉಳಿದ ಅರ್ಧ ನಮ್ಮದು.

ಒಂದು ಮಧ್ಯಾಹ್ನ ಸಾಹೇಬರು ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿಸಿದರು. ಮೇಜಿನ ಮೇಲೆ ಗಂಟೆಯಂಥ ಗಾಜಿನ ಪಾತ್ರೆ ಬೋರಲು ಹಾಕಿ, ಒಳಗೆ ನಮ್ಮ ಬ್ಯಾಟರಿ ಇಟ್ಟು, ಕೈಪಂಪಿನಿಂದ ಗಾಳಿ ತೆಗೆಯಲು ಹೇಳಿದರು. ನಾನು ಪಂಪು ಒತ್ತುತ್ತ ಹೋದೆ. ಗಾಳಿ ತೆಳುವಾದಂತೆ ಬೆಸುಗೆಯ ತುದಿಯಲ್ಲಿ ಏನೋ ಮಿನುಗಿತು. ನೋಡನೋಡುತ್ತ ನೇರಳೆ ಬಣ್ಣದ ಬೆಳಕು ತಂತಿಯಿಂದ ತಂತಿಗೆ ಹೊಗೆಯ ಹಾಗೆ ಹರಿದು, ಗಂಟೆಯ ತುಂಬ ತುಂಬಿಕೊಂಡಿತು. ಶಬ್ದವಿಲ್ಲ, ಶಾಖವಿಲ್ಲ. ನಾನು ಪಂಪು ಬಿಟ್ಟು ಬಾಯಿ ತೆರೆದು ನಿಂತೆ.

"ಚಂದ ಅದ ಅಲ್ಲ?" ಅಂದರು ಸಾಹೇಬರು. "ಇದೇ ನಮ್ಮ ದುಶ್ಮನ್. ನೆಲದ ಮ್ಯಾಲ ದಪ್ಪ ಗಾಳಿ ಬರ್ಕನ್ನ ತಡೀತದ. ಮ್ಯಾಲ ಹೋದಂಗ ತಡಿಯೋರು ಯಾರೂ ಇಲ್ಲ. ಹೊರಗ ಹಾರಿಹೋಗ್ತದ."

ಆದರೆ ಇದಕ್ಕೆ ಅರಗಿನ ಲೇಪ ಸಾಕೆಂದು ಅವರೇ ಹಟ ಹಿಡಿದರು. ಹಗುರ ಅಂತ. ಮೊದಲ ಪೆಟ್ಟಿಗೆಯನ್ನು ಅಫಜಲಪುರದ ಬಯಲಿನಿಂದ ಬಿಟ್ಟೆವು. ಅಲ್ಲಿ ಗುಡ್ಡವಿಲ್ಲ, ಕಾಡಿಲ್ಲ, ಎರೆಹೊಲ ಕಣ್ಣು ಹಾಯುವಷ್ಟು ದೂರ. ಹೈಡ್ರೋಜನ್ ಸಿಲಿಂಡರುಗಳು ಗಾಣಗಾಪುರದ ರೈಲು ನಿಲ್ದಾಣದಿಂದ ಎತ್ತಿನ ಗಾಡಿಯಲ್ಲಿ ಬಂದವು. ಗಾಡಿಯವನು ಸಿಲಿಂಡರಿನ ಮೇಲೆಯೇ ಕೂತು ಚುಟ್ಟಾ ಹೊತ್ತಿಸಲು ಕಡ್ಡಿ ಗೀರಿದ್ದೇ, ಸಾಹೇಬರು ಓಡಿಹೋಗಿ ಕಸಿದರು. "ಲೇ! ಬಲೂನಿಗಿಂತ ಮೊದಲ ನೀ ಮುಗಿಲಿಗೆ ಹೋಗ್ತಿ!"

ಪೆಟ್ಟಿಗೆ ಏರಿತು. ಟಿಕ್, ಟಿಕ್ ಎಂದು ಚೆನ್ನಾಗಿ ಮಾತಾಡಿತು. ಅರ್ಧ ಎತ್ತರಕ್ಕೆ ಹೋಗುತ್ತಲೇ ಕಿವಿಯಲ್ಲಿ ಬಜ್ಜಿ ಕರಿದ ಸದ್ದು. ನೇರಳೆ ಬೆಳಕು ಮೇಲೆ ತನ್ನ ಆಟ ಹೂಡಿತ್ತು. ಸಾಹೇಬರು ಫೋನು ಕಳಚಿ ಹುಲ್ಲಿನ ಮೇಲೆ ಅಂಗಾತ ಮಲಗಿದರು.

"ಶರಣಪ್ಪ, ಮುಗಿಲು ನನಗ ಬೈದದ. ಕರೆಕ್ಟಾಗೇ ಬೈದದ."

ಮುಂದಿನ ಪೆಟ್ಟಿಗೆಯಲ್ಲಿ ಪ್ರತಿ ಬೆಸುಗೆಯನ್ನೂ ಜೇನುಮೇಣದಲ್ಲಿ ಮುಳುಗಿಸಿದೆವು. ಬರೀ ಮೇಣ ಚಳಿಗೆ ಬಿರುಕು ಬಿಟ್ಟಿತು. ಎಣ್ಣೆ ಬೆರೆಸಿ ನೋಡಿ, ಮತ್ತೆ ಬೆರೆಸಿ ನೋಡಿ, ಮಂಜುಗಡ್ಡೆಯಲ್ಲೂ ಸೀಳದ ಹದ ಹುಡುಕಿದೆವು. ಇವತ್ತು ನಿಮಗೆ ಡಬ್ಬಿ ತೆರೆದು ಸುರಿದರೆ ಗಟ್ಟಿಯಾಗುವ ರಾಳಗಳಿವೆ, ಮನೆಯಷ್ಟು ದೊಡ್ಡ ನಿರ್ವಾತ ಕೋಣೆಗಳಿವೆ. ಆದರೂ ಉಪಗ್ರಹವೊಂದು ಮೇಲೆ ಹೋಗಿ ಮೌನವಾದರೆ ಮೊದಲ ಗುಮಾನಿ ಆ ನೇರಳೆ ಬೆಳಕಿನ ಮೇಲೆಯೇ ಇರಲಿ.

ಇಷ್ಟರಲ್ಲಿ ಸುತ್ತಲಿನ ಗಾಳಿ ಕೆಟ್ಟಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಹೈದರಾಬಾದ್ ಸಂಸ್ಥಾನ ಮಾತ್ರ ಸೇರಿರಲಿಲ್ಲ. ಅಫಜಲಪುರದ ಕೆಳಗೆ ಭೀಮೆ ಹರಿಯುತ್ತದೆ. ಕೆಲವು ಕಡೆ ಅದರ ಆಚೆ ದಂಡೆಯೇ ಭಾರತ, ಬೇರೆ ಸರಕಾರ. ಸಂಸ್ಥಾನ ಭಾರತಕ್ಕೆ ಸೇರಕೂಡದೆಂದು ಭರ್ಚಿ ಹಿಡಿದ ಗುಂಪುಗಳು ಊರೂರು ತಿರುಗುತ್ತಿದ್ದವು. ಇಂಥ ಹೊತ್ತಿನಲ್ಲಿ ರೇಡಿಯೋ ಕಟ್ಟಿದ ಪೆಟ್ಟಿಗೆಯನ್ನು ಬಾನಿಗೆ ಬಿಡುವವರು ಯಾರಿಗೆ ತಾನೆ ಒಳ್ಳೆಯವರಾಗಿ ಕಂಡಾರು? ಸಾಹೇಬರನ್ನು ಅವರ ಜನವೇ ಗುಮಾನಿಯಿಂದ ನೋಡಿದರು, ನನ್ನನ್ನು ನನ್ನ ಜನ.

ಎರಡನೆಯ ಪೆಟ್ಟಿಗೆ ಬಿಡುವ ದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಬೆಳೆಯ ನಡುವೆ ಭೂತಾಯಿಗೆಂದು ಎಡೆಯ ಅನ್ನ ಎರಚಿ ಚರಗ ಚೆಲ್ಲಿ, ಅಲ್ಲೇ ಉಂಡು, ಬೈಗಿಗೆ ಮನೆ ಸೇರುತ್ತಾರೆ. ನಸುಕಿನಲ್ಲಿ ನಾವು ಬಲೂನುಗಳಿಗೆ ಹೈಡ್ರೋಜನ್ ತುಂಬುವಾಗ ಅಫಜಲಪುರ ಠಾಣೆಯ ಮುಖ್ಯಸ್ಥರಾದ ಪೊಲೀಸ್ ಅಮೀನರು ಕುದುರೆ ಮೇಲೆ ಬಂದರು. ಕುದುರೆಯಿಂದ ಇಳಿಯದೆ ಹೇಳಿದರು:

"ಡಾಕ್ಟರ್ ಸಾಹೇಬ್, ನಿಮ್ಮ ಪರವಾನಗಿ ನಾ ನೋಡೇನಿ. ಆದ್ರ ಭರ್ಚಿಯವರು ಪರವಾನಗಿ ಕೇಳಂಗಿಲ್ಲ. ಆಚೆ ದಂಡಿಗೆ ಸುದ್ದಿ ಕಳಸಾಕತ್ತಾರ ಅಂತ ನಿಮ್ಮ ಹೆಸರು ಹಿಡದಾರ. ಇವತ್ತು ಪೆಟ್ಟಿಗಿ ಹೊಳಿ ದಾಟಿ ಆ ಕಡಿಗೆ ಬಿತ್ತು ಅಂದ್ರ ನಿಮ್ಮನ್ನ ನಾ ಉಳಿಸಿಕೊಳ್ಳಾಕ ಆಗಂಗಿಲ್ಲ."

"ಬೀಳಂಗಿಲ್ರಿ," ಅಂದರು ಸಾಹೇಬರು, ಬಲೂನಿನ ಕುತ್ತಿಗೆಗೆ ದಾರ ಬಿಗಿಯುತ್ತ. "ಜೇವರ್ಗಿ ಕಡಿಗೆ ಹೋಗ್ತದ."

ಕೈ ಬಿಟ್ಟೆವು. ಬಲೂನುಗಳು ಒಂದರ ಕೆಳಗೊಂದು ದಾರದಲ್ಲಿ ಪೋಣಿಸಿದಂತೆ ಎದ್ದವು. ಕೊನೆಯಲ್ಲಿ ಪೆಟ್ಟಿಗೆ ಒಮ್ಮೆ ಜೋಲಿ ಹೊಡೆದು ನೆಲ ಬಿಟ್ಟಿತು. ನಮ್ಮ ಮೇಲೆ ಇನ್ನೂ ಮಬ್ಬು, ಬಲೂನುಗಳ ಮೇಲೆ ಆಗಲೇ ಬಿಸಿಲು. ಕೆಂಪಗೆ ಕೆಂಡದಂತೆ ಹೊಳೆದವು. ನಾನು ದುರ್ಬೀನಿಗೆ ಕಣ್ಣಿಟ್ಟೆ. ಪೆಟ್ಟಿಗೆ ನೇರ ನೈಋತ್ಯಕ್ಕೆ, ಭೀಮೆಯ ಕಡೆಗೆ, ಆಚೆ ದಂಡೆಯ ಕಡೆಗೇ ಹೊರಟಿತ್ತು.

"ಹೊಂಟ್ತಲ್ರೀ!" ಅಮೀನರು ಕುದುರೆಯಿಂದ ಧುಮುಕಿದರು. "ಸೀದಾ ಆ ಕಡಿಗೇ ಹೊಂಟದ!"

"ಸಬೂರ್ ಮಾಡ್ರಿ. ಮ್ಯಾಲ ಇನ್ನೊಂದು ಗಾಳಿ ಅದ."

ನನಗೆ ನಂಬಿಕೆ ಬರಲಿಲ್ಲ. ನನ್ನ ಕೆನ್ನೆಗೆ ಬಡಿಯುತ್ತಿದ್ದ ಗಾಳಿ ಒಂದೇ, ಅದು ಈಶಾನ್ಯದ್ದು. ದುರ್ಬೀನಿನಲ್ಲಿ ಬಲೂನುಗಳು ಸಣ್ಣಗಾಗುತ್ತ ಹೊಳೆಯ ನೇರಕ್ಕೆ ಬಂದವು. ಬಂದವು, ಮತ್ತೆ ಅಲ್ಲೇ ನಿಂತವು. ಮೊಳೆ ಹೊಡೆದಂತೆ ನಿಂತವು. ಆಮೇಲೆ ಯಾರೋ ಬೆರಳಲ್ಲಿ ದೂಡಿದ ಹಾಗೆ ಮೆಲ್ಲಗೆ ಎಡಕ್ಕೆ ಸರಿದವು. ಎಡಕ್ಕೆ ಅಂದರೆ ಪೂರ್ವಕ್ಕೆ, ಘತ್ತರಗಿಯ ಮೇಲೆ ಹಾಯ್ದು, ಗಾಣಗಾಪುರದ ಕಡೆಗೆ. ಒಂದು ನದಿಯ ಮೇಲೆ ಇನ್ನೊಂದು ನದಿ, ಕಾಣದ ನದಿ, ಉಲ್ಟಾ ಹರಿಯುತ್ತಿತ್ತು. ನಾನು ಹುಟ್ಟಿದಾಗಿನಿಂದ ಅದರ ತಳದಲ್ಲೇ ಓಡಾಡಿಕೊಂಡಿದ್ದೆ.

"ತಿರುಗಿತ್ರಿ!" ಅಂತ ಕೂಗಿದೆ. ಸಾಹೇಬರು ತಿರುಗಿಯೂ ನೋಡಲಿಲ್ಲ. ಫೋನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದರು.

ಅಮೀನರು ಕೇಳಿದರು: "ಏನು ಕೇಳಸಾಕತ್ತದ ಅದರಾಗ?"

ಸಾಹೇಬರು ಫೋನು ತೆಗೆದು ಅವರ ಕಿವಿಗೆ ಇಟ್ಟರು. ಅಮೀನರ ಮುಖ ಬಿಗಿದಿದ್ದದ್ದು ನಿಧಾನಕ್ಕೆ ಸಡಿಲವಾಯಿತು.

"ಯಾರು ಬಡೀತಾರಿದು?"

"ಯಾರೂ ಇಲ್ಲ. ನಕ್ಷತ್ರದ ಆಚಿಂದ ಬರ್ತದ. ಒಂದೊಂದು ಟಿಕ್ಕಿಗೆ ಒಂದೊಂದು ಕಿರಣ."

"ಇಲ್ಲೂ ಬರ್ತದೇನು?"

"ಇಲ್ಲಿ ಕಡಿಮಿ. ಆದ್ರ ಬರ್ತದ. ಛತ್ತಿನಾಗ ಹಾಯ್ತದ, ಕಲ್ಲಿನಾಗ ಹಾಯ್ತದ. ನಿಮ್ಮ ಕೈಯಾಗ ಹಾಯ್ತದ."

"ಈಗ?"

"ಈಗಲೂ."

ಅಮೀನರು ತಮ್ಮ ಅಂಗೈ ತೆರೆದು ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು.

ಆಮೇಲೆ ಫೋನು ನನ್ನ ಪಾಳಿಗೆ ಬಂತು. ನೆಲದ ಮೇಲೆ ತೊಟ್ಟಿಕ್ಕುತ್ತಿದ್ದ ಸದ್ದು ಈಗ ತಗಡಿನ ಮೇಲೆ ಮಳೆ ಸುರಿದಂತೆ ಸುರಿಯುತ್ತಿತ್ತು. ಬಜ್ಜಿ ಕರಿದ ಸದ್ದಿಲ್ಲ, ಮೇಣ ಹಿಡಿದಿತ್ತು. ಏರಿದಷ್ಟೂ ಮಳೆ ಜೋರಾಯಿತು. ಇನ್ನೂ ಏರಿತು, ಆಗ ಮಳೆ ಕಡಿಮೆಯಾಯಿತು. ಬ್ಯಾಟರಿ ಸತ್ತಿತೆಂದು ಕೂಗಿದೆ. ಸಾಹೇಬರು ಪೆನ್ಸಿಲಿನಲ್ಲಿ ಲೆಕ್ಕ ಬರೆಯುತ್ತಲೇ ನಕ್ಕರು.

"ಸತ್ತಿಲ್ಲ. ಆ ಮಳಿ ಹುಟ್ಟೋದು ನಮ್ಮ ಗಾಳ್ಯಾಗ. ಒಂದು ಕಿರಣ ಬಂದು ಗಾಳಿಗೆ ಬಡದ್ರ ನೂರು ಹನಿ ಸಿಡೀತಾವ. ಈಗ ಪೆಟ್ಟಿಗಿ ಮಳಿಗಿಂತ ಮ್ಯಾಲ ಹೋಗ್ಯಾದ. ನೀ ಈಗ ಕೇಳೋದು ಯಾರಿಗೂ ಬಡೀದೇ ಇದ್ದ ಕಿರಣ. ಎಲ್ಲಿಂದ ಹೊಂಟಿತ್ತೋ ಹಂಗೇ ಬಂದದ."

ಬೇರೆ ದೇಶದವರು ಇದನ್ನು ಮೊದಲೇ ಕಂಡಿದ್ದರು. ಆದರೆ ನಮ್ಮ ಜೋಳದ ಹೊಲದ ಮೇಲೆ, ನನ್ನ ಕೈಯಾರೆ ಬೆಸೆದ ತಂತಿಯಲ್ಲಿ, ಎಷ್ಟೋ ಯುಗ ನಡೆದು ಬಂದದ್ದೊಂದು ಬಂದು ನನ್ನ ಕಿವಿಯಲ್ಲಿ ಮುಗಿಯಿತು. ಅದಾದ ಮೇಲೆ ನಾನು ಈ ಕೆಲಸ ಬಿಡುವ ಮಾತೇ ಇರಲಿಲ್ಲ.

ಮೇಲಿನ ಬಲೂನುಗಳು ಒಡೆದು ಪೆಟ್ಟಿಗೆ ಇಳಿಯತೊಡಗಿದಾಗ ಅಮೀನರೂ ನಮ್ಮ ಹಳೆಯ ಲಾರಿ ಹತ್ತಿದರು. ಚೌಡಾಪುರದ ಮೇಲೆ ಹಾಯ್ದು ಗಾಣಗಾಪುರ ಮುಟ್ಟಿದೆವು. ಸ್ನಾನಕ್ಕಿಳಿದಿದ್ದ ಯಾತ್ರಿಕರು ಪೂರ್ವಕ್ಕೆ ಕೈ ತೋರಿದರು. ನಕ್ಷತ್ರಕ್ಕೆ ನಮ್ಮ ಕಡೆ ಚಿಕ್ಕಿ ಅನ್ನುತ್ತಾರೆ. "ಹಗಲಾಗ ಚಿಕ್ಕಿ ಹೋತ್ರಿ, ಹಂಗ ಹೋತು!" ಅಲ್ಲಿ ಎರಡೂ ದಂಡೆ ನಮ್ಮ ಸಂಸ್ಥಾನದ್ದೇ. ಹರಿಗೋಲಿನಲ್ಲಿ ಹೊಳೆ ದಾಟಿ, ಗಾಡಿ ಕೇಳಿ ಪಡೆದು, ಕಂಡಕಂಡವರನ್ನು ವಿಚಾರಿಸುತ್ತ ಜೇವರ್ಗಿಯ ಕಡೆ ಒಂದು ಹೊಲ ಸೇರುವಾಗ ಮಧ್ಯಾಹ್ನ ದಾಟಿತ್ತು.

ಆ ಹೊಲ ನೀಲವ್ವ ಎಂಬ ಗಟ್ಟಿ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ಬೇಸಾಯ ಮಾಡಿಸುತ್ತಿದ್ದಳು. ಹೆಗಲೆತ್ತರದ ಬಿಳಿಜೋಳದ ನಡುವೆ, ಬನ್ನಿಗಿಡದ ಕೆಳಗೆ, ಸುಣ್ಣ ಬಳಿದ ಪೂಜೆಯ ಕಲ್ಲುಗಳ ಪಕ್ಕದಲ್ಲಿ ನಮ್ಮ ಪೆಟ್ಟಿಗೆ ಕೂತಿತ್ತು. ಅದಕ್ಕೆ ಕೌದಿ ಹೊದಿಸಿತ್ತು.

"ಬಾಂಬ್ ಅದ, ಬಡಿಗಿ ತಗೊಂಡು ಬಡೀರಿ ಅಂದ್ರು," ಅಂದಳು ನೀಲವ್ವ. "ನಾ ಬಿಡ್ಲಿಲ್ಲ. ಅಷ್ಟು ಸಾವಕಾಶ ಇಳೀತು, ಹಕ್ಕಿ ಗೂಡಿಗೆ ಇಳಿದಂಗ. ಹತ್ರ ಹೋಗಿ ಮುಟ್ಟಿದ್ನಿ. ಯವ್ವಾ, ಏನು ಥಂಡಿ! ಮಟಮಟ ಬಿಸಲಾಗ ಮೈಮ್ಯಾಲ ನೀರು ಮೂಡ್ಯಾವ. ಯಾವ ಜೀವಾನೋ ಒಳಗ, ಥಂಡಿ ಹತ್ತ್ಯಾದ ಅಂತ ಹೊದಿಸಿನ್ರಿ."

ಸಾಹೇಬರು ಕೌದಿಯೊಳಗೆ ಕೈ ಹಾಕಿ ಪೆಟ್ಟಿಗೆಯನ್ನು ಮುಟ್ಟಿದರು. ಚಳಿ ಆರಿತ್ತು. ಆಕೆಯ ಮುಖವನ್ನೇ ನೋಡುತ್ತ ಹೇಳಿದರು: "ಅವ್ವ, ಆ ಥಂಡಿ ಮುಟ್ಟಿದ್ದು ನೀವೊಬ್ರೇ. ನಮಗ ಸಿಗಲಿಲ್ಲ."

"ಒಂದು ಕೇಳ್ತೇನಿ," ಅಂದಳು. "ಸೂರ್ಯಾನ ಹತ್ರ ಹೋಗಿ ಬಂದದ್ದು ಸುಡಬೇಕಲ್ರಿ? ಥಂಡಿ ಹ್ಯಾಂಗ ಆತು?"

ಸಾಹೇಬರು ಬದುವಿನ ಮೇಲೆ ಕುಳಿತು ಹೇಳತೊಡಗಿದರು. ಬಿಸಿಲು ಮಣ್ಣನ್ನು ಕಾಯಿಸುತ್ತದೆ, ಮಣ್ಣು ಗಾಳಿಯನ್ನು ಕಾಯಿಸುತ್ತದೆ, ನೆಲದಿಂದ ದೂರ ಹೋದಷ್ಟೂ ಒಲೆಯಿಂದ ದೂರ ಹೋದ ಹಾಗೆ ಎಂದು. ನೀಲವ್ವನ ಸೊಸೆಯಂದಿರು ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಲೇ ಕೇಳಿದರು. ಆಗಲೇ ಜೋಳ ಸೀಳಿಕೊಂಡು ಅವರು ಬಂದರು. ಏಳೆಂಟು ಜನ, ಕೈಯಲ್ಲಿ ಭರ್ಚಿ. ಮುಂದಿದ್ದ ಎತ್ತರದವನು ಸಾಹೇಬರನ್ನು ನೋಡಿದ, ನನ್ನನ್ನು ನೋಡಿದ, ಪೆಟ್ಟಿಗೆ ನೋಡಿದ.

"ವೈರ್‌ಲೆಸ್. ಕೊಡ್ರಿ ಇತ್ತ."

ನೀಲವ್ವ ಪೆಟ್ಟಿಗೆಯ ಮುಂದೆ ಎದ್ದು ನಿಂತಳು. "ಎಳ್ಳಾಮಾಸಿ ದಿನ ನನ್ನ ಹೊಲಕ್ಕ ಬಂದದ್ದು. ಯಾರಿಗೂ ಕೊಡಂಗಿಲ್ಲ."

ಭರ್ಚಿಯ ತುದಿ ಮೇಲೆದ್ದಿತು. ಅಮೀನರು ಉಣ್ಣುತ್ತಿದ್ದ ಕೈಯನ್ನು ಒರೆಸಿಕೊಂಡು ನಡುವೆ ಬಂದರು. ಪೆಟ್ಟಿಗೆಯ ಮುಚ್ಚಳ ತಾವೇ ತೆಗೆದರು.

"ಬಂದು ನೋಡ್ರಿ. ಇದು ಬ್ಯಾಟ್ರಿ. ಇದು ಮೇಣ. ಈ ಹಿತ್ತಾಳಿ ಕೊಳವಿ ಅದಲ್ಲ, ಇದರಾಗ ಚಿಕ್ಕಿ ಬಂದು ಬೀಳ್ತಾವ. ನಾ ನನ್ನ ಕಿವೀಲೆ ಕೇಳೇನಿ. ಸುದ್ದಿ ಇಲ್ಲಿಂದ ಹೋಗಂಗಿಲ್ಲ, ಮ್ಯಾಲಿಂದ ಬರ್ತದ. ಇದಕ್ಕ ನಾ ಜಾಮೀನು."

ಅರ್ಧ ತಪ್ಪು ಹೇಳಿದರು. ಅಷ್ಟು ಚೆಂದದ ಪಾಠವನ್ನು ನಾನು ಮತ್ತೆ ಕೇಳಿಲ್ಲ. ಎತ್ತರದವನು ತುಸು ಹಿಂಜರಿದ, ಆದರೆ ಬರಿಗೈಯಲ್ಲಿ ಹೋಗುವವನಲ್ಲ. "ಮಾತಾಡೋದು ಯಾವುದು ಇದರಾಗ? ಅದಷ್ಟು ಕೊಡ್ರಿ."

ಸಾಹೇಬರು ರೇಡಿಯೋದ ಜೀವವಾದ ಗಾಜಿನ ವಾಲ್ವನ್ನು ಕಿತ್ತು ಅವನ ಅಂಗೈಗೆ ಇಟ್ಟರು. ಹಡಗಿನಲ್ಲಿ ಬಂದ ವಾಲ್ವು, ಅಂಥದ್ದು ನಮ್ಮ ಬಳಿ ಇನ್ನೊಂದಿರಲಿಲ್ಲ. ಅವನು ಅದನ್ನು ಕೆಳಗೆ ಹಾಕಿ ಮೆಟ್ಟಿದ. ಸಣ್ಣ ಸದ್ದಾಯಿತು. ನೀಲವ್ವ ಆ ಸದ್ದಿನ ಮೇಲೆಯೇ ಹೇಳಿದಳು:

"ಆತಲ್ಲ? ಈಗ ಕುಂದರ್ರಿ. ಇವತ್ತು ನನ್ನ ಹೊಲದಿಂದ ಉಪವಾಸ ಯಾರೂ ಹೋಗಂಗಿಲ್ಲ."

ಅವರು ಕೂರಲಿಲ್ಲ. ಆದರೆ ಹಿಂದಿದ್ದ ಇಬ್ಬರು ರೊಟ್ಟಿ ಇಸಕೊಂಡು, ಮಡಚಿ ಹಿಡಿದು, ತಲೆ ತಗ್ಗಿಸಿ ಹೋದರು.

ಆ ಚಳಿಗಾಲಕ್ಕೆ ನಮ್ಮ ಹಾರಾಟ ಮುಗಿಯಿತು. ಬೇಸಿಗೆ ಹೊತ್ತಿಗೆ ಅಮೀನರಿಗೆ ದೂರದ ಜಿಲ್ಲೆಗೆ ವರ್ಗವಾಯಿತು, ಮತ್ತೆ ಕಾಣಲಿಲ್ಲ. ಸಾಹೇಬರು ಬಂದ ಲೆಕ್ಕಗಳನ್ನು ಬಿಡಿಸುತ್ತ ಕೂತರು, ನಾನು ಆಳಂದದ ಗೋದಾಮಿನಲ್ಲಿ ಬ್ಯಾಟರಿ ಕಟ್ಟುತ್ತ ಕೂತೆ. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ಸಂಸ್ಥಾನ ಮುಗಿಯಿತು. ಭರ್ಚಿಯವರು ಮಾಯವಾದರು. ಆದರೆ ಸೇಡಿಗೆ ಹೊರಟವರು ಭರ್ಚಿ ಹಿಡಿದವರನ್ನಷ್ಟೇ ಹುಡುಕಲಿಲ್ಲ, ಹೆಸರು ಕೇಳಿ ಹೊಡೆದರು. ಸಾಹೇಬರು ಆ ದಿನಗಳಲ್ಲಿ ಕಲಬುರ್ಗಿಯಲ್ಲಿದ್ದರು. ಅವರ ಮನೆ ಸುಟ್ಟಿದೆ, ಅವರು ಎಲ್ಲಿದ್ದಾರೋ ಗೊತ್ತಿಲ್ಲ ಎಂದು ಸುದ್ದಿ ಬಂತು. ನಾನು ಆಸ್ಪತ್ರೆ, ಸೈನ್ಯದ ಬಿಡಾರ, ಮಸೀದಿ ಎಲ್ಲ ಅಲೆದೆ. ಕೊನೆಗೆ ಜೇವರ್ಗಿಯಿಂದ ಬಂದ ಜೋಳದ ಅಡತಿ ವ್ಯಾಪಾರಿಯೊಬ್ಬ ನೀಲವ್ವನ ಮಾತು ತಲುಪಿಸಿದ: "ಮುಗಿಲು ನೋಡೋ ಮಾಸ್ತರು ನಮ್ಮ ಮನ್ಯಾಗ ಅದಾರ. ಕರಕೊಂಡು ಹೋಗಾಕ ಅವಸರ ಇಲ್ಲ."

ಹೋದೆ. ನೀಲವ್ವ ಬಾಗಿಲಲ್ಲೇ ಸಿಕ್ಕಳು.

"ರಾತ್ರೋರಾತ್ರಿ ನಡಕೊಂತ ಬಂದಾರ ಪಾಪ. ಮಂದಿ ಬಂದು ಯಾರಿವ ಅಂತ ಕೇಳಿದ್ರು. ನಮ್ಮ ತವರುಮನಿ ಕಡಿ ಮಾಸ್ತರ ಅಂದ್ನಿ. ಖರೇ ಹೇಳು ಅಂತ ಗದರಿಸಿದ್ರು. ಪೆಟ್ಟಿಗೀನೇ ಕೊಡ್ಲಿಲ್ಲ, ಮನಷ್ಯಾನ ಕೊಡ್ತೇನೇನೋ ಅಂತ ನಾನೂ ಗದರಿಸಿದ್ನಿ."

ಸಾಹೇಬರು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಗಡ್ಡ ತೆಗೆದಿದ್ದರು. ಆ ಬೋಳು ಗಲ್ಲ ನೋಡಿ ನನಗೆ ಮೊದಲು ಗುರುತು ಸಿಕ್ಕಲಿಲ್ಲ. ಕಾಲಿಗೆ ಬಟ್ಟೆ ಸುತ್ತಿತ್ತು. ಮನೆಯಿಲ್ಲ, ಪುಸ್ತಕವಿಲ್ಲ, ಹೈದರಾಬಾದಿನಲ್ಲಿ ಕೆಲಸ ಉಳಿದಿದೆಯೋ ಇಲ್ಲವೋ. ನಾನು ಅವರ ಪಕ್ಕದಲ್ಲಿ ಕೂತು ಅತ್ತೆ. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಆಮೇಲೆ ಗದ್ದ ಎತ್ತಿ ಮೇಲೆ ತೋರಿಸಿದರು.

ಮಳೆ ಹಿಂದೆಗೆಯುವ ಕಾಲ. ಕೆಳಗಿನ ಬೂದು ಮೋಡಗಳು ಪೂರ್ವಕ್ಕೆ ಓಡುತ್ತಿದ್ದವು. ಅವುಗಳ ಸಂದಿನಲ್ಲಿ, ಬಹಳ ಮೇಲೆ, ಅರಳೆ ಎಳೆದಂಥ ಬಿಳಿ ಮೋಡ ಪಶ್ಚಿಮಕ್ಕೆ ಹೊರಟಿತ್ತು.

"ನೋಡಿದೇನು? ಚಳಿಗಾಲದಾಗ ಇದ್ದದ್ದು ಈಗ ಉಲ್ಟಾ. ದಿನಾ ಇಲ್ಲೇ ಕುಂತು ನೋಡಾಕತ್ತೇನಿ. ಈಗ ಅಫಜಲಪುರದಾಗ ಬಿಟ್ಟಿದ್ರ ಪೆಟ್ಟಿಗಿ ಹೊಳಿ ದಾಟಿ ಆ ಕಡಿಗೆ ಹೋಗ್ತಿತ್ತು."

"ಹೋಗ್ಲಿ ಬಿಡ್ರಿ ಸಾಹೇಬ್ರ," ಅಂದೆ. "ಆ ಕಡೆ ಅಂತ ಈಗ ಇಲ್ಲಲ್ರಿ."

ಅವರು ನನ್ನ ಕಡೆ ತಿರುಗಿದರು. ಅದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲವೆಂದು ಕಾಣುತ್ತದೆ. ಮತ್ತೆ ಮೇಲೆ ನೋಡಿದರು, ಆ ಬಿಳಿ ಮೋಡ ನೀಲವ್ವನ ಮಾಳಿಗೆ ದಾಟಿ ಮರೆಯಾಗುವ ತನಕ.

"ಹಂಗಾದ್ರ ಶರಣಪ್ಪ, ವಾಲ್ವು ಎಲ್ಲಿ ಸಿಗ್ತದ ನೋಡು," ಅಂದರು.